ಸೇವಂತಿಗೆಗೆ ಬೇಕಾದ ಕತ್ತಲೆ

ಮಾಘ ಮುಗಿಯುವ ಹೊತ್ತಿಗೆ ನಮ್ಮ ತೋಟದ ಮಂಜು ಮೊಣಕಾಲಿನ ಮಟ್ಟಕ್ಕೆ ಇಳಿದಿರುತ್ತದೆ. ಬೆಳಗಿನ ಜಾವ ಸೊಪ್ಪು ಕೀಳಲು ಹೋದರೆ ನನ್ನ ಹೆಂಡತಿಗೆ ಕಾಲುಗಳೇ ಇರುವುದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಅರ್ಧ ಹೆಂಗಸೊಬ್ಬಳು ದಂಟಿನ ಮಡಿಗಳ ಮೇಲೆ ತೇಲುತ್ತಾ ಹೋಗುತ್ತಾಳೆ. ಯಲಹಂಕ ಜಂಕ್ಷನ್ ಕಡೆಯಿಂದ ಗೂಡ್ಸ್ ಗಾಡಿಯ ಕೂಗು ಕೇಳುತ್ತದೆ. ಹೊಂಗೆ ಮರ ಹಳೆಯ ಎಲೆ ಉದುರಿಸಿ, ಎಣ್ಣೆ ಸವರಿದಂಥ ಚಿಗುರು ಹೊತ್ತು ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ಯಾರಿಗಾದರೂ ನೆಮ್ಮದಿಯಾಗಬೇಕು. ನನಗೆ ಮಾತ್ರ ಈ ಮಂಜಿಗೆ ಕೊತ್ತಂಬರಿಗೆ ಬೂದಿರೋಗ ಬಂದರೆ ಏನು ಗತಿ ಎಂಬ ಯೋಚನೆ.

ಆ ವರ್ಷ ಯೋಚಿಸಲು ಇನ್ನೂ ದೊಡ್ಡ ವಸ್ತುವೇ ಸಿಕ್ಕಿತ್ತು. ತೋಟದ ಹಿಂದಿನ ತಾಕಿನಲ್ಲಿ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡಂತೆ, ಹಳದಿ ಸೇವಂತಿಗೆ ಹಾಕಿದ್ದೆವು. ಮುಂದಿನ ತಾಕು ಸೊಪ್ಪಿನದು, ಅದು ನಮ್ಮ ದಿನದ ಅನ್ನ. ಹಿಂದಿನದು ನನ್ನ ಹೆಂಡತಿಯ ಆಸೆ. ಅವಳ ತವರು ಚಿಕ್ಕಬಳ್ಳಾಪುರದ ಕಡೆ. ಅಲ್ಲಿಂದ ಬೇರು ಬಿಟ್ಟ ಸಸಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಶುರು ಮಾಡಿದ ಬೆಳೆ ಅದು. ಎರಡು ಯುಗಾದಿಗೆ ಆ ಹೂವು ಕೈಕೊಟ್ಟಿತ್ತು. ಒಂದು ವರ್ಷ ಹಬ್ಬಕ್ಕೆ ಮೊದಲೇ ಅರಳಿ ಬಾಡಿತು, ಇನ್ನೊಂದು ವರ್ಷ ಅಕಾಲದ ಮಳೆಗೆ ಕೊಳೆಯಿತು. ತೋಟದಲ್ಲಿ ಅರ್ಧ ಪಾಲು ಅಣ್ಣನದು. ಅವನು ಟೆಂಪೋ ಓಡಿಸುವ ವ್ಯವಹಾರದವನು. ಸಂಕ್ರಾಂತಿಯ ಎಳ್ಳುಬೆಲ್ಲ ಅಗಿಯುತ್ತಲೇ ಅವನು ತೀರ್ಪು ಕೊಟ್ಟ.

"ನೋಡೋ, ಈ ಯುಗಾದಿಗೆ ಊವು ಬಂತಾ, ತೋಟ ಇರ್ಲಿ. ಬರ್ಲಿಲ್ವಾ, ಇಂದ್ಗಡೆ ತಾಕು ಏರ್‌ಪೋರ್ಟ್ ಟ್ಯಾಕ್ಸಿನೋರ್ಗೆ ಪಾರ್ಕಿಂಗ್‌ಗೆ ಕೊಟ್ಬುಡಣ. ಅವ್ರು ಕೇಳ್ತಾನೇ ಅವ್ರೆ."

"ಬರುತ್ತೆ ಬಿಡಣ್ಣ," ಎಂದೆ. ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ನನ್ನ ಹೆಂಡತಿಗಿತ್ತು. ಅವಳು ಎಳ್ಳುಬೆಲ್ಲದ ತಟ್ಟೆಯನ್ನು ಅಣ್ಣನ ಮುಂದೆ ಇನ್ನೊಂದು ಸಲ ಹಿಡಿದು, "ಬಾವ, ಬಾಯಿ ಸಿಹಿ ಮಾಡ್ಕಳಿ. ಹೂವು ನಾನ್ ತೋರಿಸ್ತೀನಿ," ಎಂದಳು.

ಸೇವಂತಿಗೆ ವಿಚಿತ್ರ ಗಿಡ. ಅದಕ್ಕೆ ಇರುಳು ಉದ್ದವಾದರೆ ಹೂ ಬಿಡಬೇಕೆನಿಸುತ್ತದೆ. ಚಳಿಗಾಲದಲ್ಲಿ ನೆಟ್ಟರೆ ಇರುಳು ಉದ್ದವಿರುವುದರಿಂದ ಗೇಣುದ್ದ ಬೆಳೆಯುವ ಮೊದಲೇ ಮೊಗ್ಗು ಕಟ್ಟಿ ಕೂತುಬಿಡುತ್ತದೆ. ಅದಕ್ಕೇ ನಮ್ಮ ಕಡೆ ಹೂವಿನವರು ತಾಕಿನ ಮೇಲೆ ತಂತಿ ಎಳೆದು ಬಲ್ಬು ಕಟ್ಟುತ್ತಾರೆ. ಕತ್ತಲಾದ ಮೇಲೂ ಬೆಳಕಿದ್ದರೆ ಗಿಡ ಹಗಲೆಂದೇ ತಿಳಿದು ಬೆಳೆಯುತ್ತಾ ಹೋಗುತ್ತದೆ. ಸಾಕಷ್ಟು ಬೆಳೆದ ಮೇಲೆ ಬಲ್ಬು ಆರಿಸಬೇಕು. ಆಗ ಮೂರನೇ ವಾರದ ಹೊತ್ತಿಗೆ ತುದಿಯಲ್ಲಿ ಹುರುಳಿಕಾಳಿನಷ್ಟು ಮೊಗ್ಗು ಕಾಣುತ್ತದೆ.

ನಾವೂ ಹಾಗೆಯೇ ಮಾಡಿದೆವು. ಸಾಲು ಏರಿಸಿ ನೆಟ್ಟೆವು, ಬೇರು ಹಿಡಿದ ಮೇಲೆ ಕುಡಿ ಚಿವುಟಿದೆವು. ಒಂದು ಕುಡಿ ಚಿವುಟಿದರೆ ನಾಲ್ಕು ಕವಲು. ಸರ್ವೆ ಗಳ ನೆಟ್ಟು ಬಲ್ಬು ಕಟ್ಟಿದೆವು. ಆ ದಿನಗಳಲ್ಲಿ ಸಂಜೆ ತಾಕಿನತ್ತ ನೋಡಿದರೆ ಯಾರದೋ ಮದುವೆ ನಡೆಯುತ್ತಿದೆ, ನಮ್ಮನ್ನು ಮಾತ್ರ ಕರೆದಿಲ್ಲ ಎನ್ನುವ ಹಾಗೆ ಇರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ನನ್ನ ಕೈಯಾರೆ ಬಲ್ಬು ಬಿಚ್ಚಿ, ಒರೆಸಿ, ಹೊಟ್ಟಿನಲ್ಲಿ ಹೂತು ಡಬ್ಬದಲ್ಲಿಟ್ಟೆ.

ಅದೇ ವಾರ ಅಪಾರ್ಟ್‌ಮೆಂಟಿನವರು ತಮ್ಮ ನಾಲ್ಕನೇ ಮಹಡಿಯ ಮೂಲೆಯಲ್ಲಿ ದೊಡ್ಡದೊಂದು ದೀಪ ಹಾಕಿಸಿದರು. ಕತ್ತಲಾದರೆ ತಾನೇ ಹತ್ತಿಕೊಂಡು, ಬೆಳಕು ಹರಿದ ಮೇಲೆ ತಾನೇ ಆರುವ ಜಾತಿಯದು. ಅದರ ಬೆಳಕು ಅವರ ಕಾರು ಇಳಿಯುವ ದಾರಿ ದಾಟಿ, ಕಾಂಪೌಂಡ್ ದಾಟಿ, ನಮ್ಮ ಹಿಂದಿನ ತಾಕಿನ ಮೇಲೆ ಹಾಲು ಚೆಲ್ಲಿದ ಹಾಗೆ ಬಿತ್ತು.

ಆಗ ನಾನು ಏನು ಮಾಡಿದೆ ಎಂದು ಬರೆಯಲು ಕೈ ಏಳುವುದಿಲ್ಲ. ಸಂತೋಷಪಟ್ಟೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸೊಪ್ಪಿನ ಕಟ್ಟು ಕಟ್ಟುವ ಕಷ್ಟ ತಪ್ಪಿತೆಂದು ಬುಟ್ಟಿಗಳನ್ನು ಹಿಂದಿನ ತಾಕಿನ ಬದಿಗೆ ಸಾಗಿಸಿ, ಆ ಬೆಳಕಿನಲ್ಲೇ ಕೂತು ಕಟ್ಟು ಕಟ್ಟತೊಡಗಿದೆ. ಅಲ್ಲಿಗೂ ಬಿಡಲಿಲ್ಲ. ಒಂದು ದಿನ ಸಬ್ಬಸಿಗೆ, ಪಾಲಕ್, ದಂಟು ಎಲ್ಲ ಒಂದೊಂದು ಕಟ್ಟು ಹಿಡಿದುಕೊಂಡು ಹೋಗಿ ಅವರ ಗೇಟಿನ ವಾಚ್‌ಮನ್‌ಗೆ ಕೊಟ್ಟೆ.

"ಏನಕ್ಕಣ್ಣ ಇದು?" ಎಂದ.

"ಲೈಟ್ ಹಾಕ್ಸಿದ್ರಲ್ಲ, ನಮ್ಗೂ ಉಪಕಾರ ಆಯ್ತು. ಅದಕ್ಕೆ," ಎಂದೆ.

ಒಂದು ತಿಂಗಳು ಬಲ್ಬಿನ ಕೆಳಗೆ ಗಿಡ ಬೆಳೆಸಿದ ಮನುಷ್ಯ, ಅದಕ್ಕಿಂತ ನೂರು ಪಾಲು ದೊಡ್ಡ ಬಲ್ಬಿಗೆ ಸೊಪ್ಪು ಕೊಟ್ಟು ಕೈ ಮುಗಿದು ಬಂದೆ. ನನ್ನ ಸ್ವಿಚ್ ನಾನು ಆರಿಸಿದ್ದೇನಲ್ಲ, ಅಲ್ಲಿಗೆ ಗಿಡಕ್ಕೆ ರಾತ್ರಿಯಾಯಿತು ಎಂದೇ ನನ್ನ ಲೆಕ್ಕ.

ಮೂರನೇ ವಾರ ಬಂತು. ಮೊಗ್ಗಿಲ್ಲ. ಗಿಡಗಳೇನೋ ಸೊಂಪಾಗಿದ್ದವು. ಕಡು ಹಸಿರು, ಅಗಲ ಎಲೆ, ಮುಟ್ಟಿದರೆ ಕಹಿಯಾದ ಘಮ. ಹೂ ಬಿಡುವ ವಿಚಾರವೇ ಅವಕ್ಕಿದ್ದಂತೆ ಕಾಣಲಿಲ್ಲ. ಅದೇ ಹೊತ್ತಿಗೆ, ಕಾಂಪೌಂಡಿನ ಪಕ್ಕ ಉಳಿದ ಜಾಗದಲ್ಲಿ ಹಾಕಿದ್ದ ಕೊತ್ತಂಬರಿ ಕೀಳುವ ಮೊದಲೇ ಕಡ್ಡಿ ಎದ್ದು ಬಿಳಿ ಹೂ ಬಿಟ್ಟಿತು. ಹೂ ಬಿಡಬೇಕಾದ್ದು ಬಿಡಲಿಲ್ಲ, ಬಿಡಬಾರದ್ದು ಬಿಟ್ಟಿತು. ಅದಕ್ಕೆ ಹಗಲು ಉದ್ದವಾದರೆ ಹೂ ಬಿಡಬೇಕೆನಿಸುತ್ತದೆ ಎಂಬುದು ಹೊಳೆಯದೆ, ಕೊತ್ತಂಬರಿಗೆ ಬೀಜದ ಅಂಗಡಿಯವನನ್ನು ಬೈದೆ. ಸೇವಂತಿಗೆಗೆ ನನ್ನನ್ನೇ ಬೈದುಕೊಂಡೆ. ಗೊಬ್ಬರ ಹೆಚ್ಚಾಗಿ ಕೊಬ್ಬಿದೆ ಎಂದುಕೊಂಡು ಗೊಬ್ಬರ ನಿಲ್ಲಿಸಿದೆ. ಆಮೇಲೆ ಡ್ರಿಪ್‌ನ ನೀರನ್ನು ಎಲೆ ಜೋಲುವವರೆಗೂ ಬಂದ್ ಮಾಡಿದೆ. ಗಿಡ ಹೆದರಿದರೆ ಹೂ ಬಿಡುತ್ತದೆ ಎಂದು ಎಲ್ಲೋ ಕೇಳಿದ್ದೆ. ಹೆದರಿಕೆಯಿಂದ ಹೂ ಬರುವುದಾದರೆ ನಾನು ಯಾವಾಗಲೋ ಅರಳಬೇಕಿತ್ತು.

ನೀರು ಬಿಟ್ಟ ಮೇಲೆ ಗಿಡ ಮತ್ತೆ ಎದ್ದು ನಿಂತು ಇನ್ನೂ ನಾಲ್ಕು ಎಲೆ ಹೊರಡಿಸಿತು. ಔಷಧಿ ಅಂಗಡಿಯವನು "ಹೂ ಎಳೆಯೋ ಟಾನಿಕ್ ಇದೆ, ಗ್ಯಾರಂಟಿ," ಎಂದು ಬಾಟಲಿ ಕೊಟ್ಟ. ಹೊಡೆದೆ. ಎರಡು ಸಾಲಿನ ಎಲೆಯ ಅಂಚು ಬೀಡಿ ತಗುಲಿದ ಹಾಗೆ ಸುಟ್ಟಿತು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ದಿನವೂ ಅಷ್ಟು ಕಣ್ಣು ಬೀಳುತ್ತವಲ್ಲ ಎಂದು ಕೊನೆಗೆ ದೃಷ್ಟಿಬೊಂಬೆಯೊಂದನ್ನು ತಂದು ಅತ್ತಲೇ ಮುಖ ಮಾಡಿ ಕಟ್ಟಿದೆ. ಮಾರನೇ ದಿನ ಮೂರನೇ ಮಹಡಿಯಿಂದ ಮಕ್ಕಳು ಅದಕ್ಕೆ ಟಾಟಾ ಮಾಡುತ್ತಿದ್ದರು.

"ಗಿಡಕ್ಕೆ ಏನೂ ಆಗಿಲ್ಲ ಕಣ್ರೀ," ಎಂದಳು ಹೆಂಡತಿ. "ನೀವು ಒಂದೆರಡು ದಿನ ಅದ್ರ ಹತ್ರ ಹೋಗ್ಬೇಡಿ."

ಒಂದು ಸಂಜೆ ಅವಳು ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿಕೊಂಡ ಪೈಪು ಬಿಡಿಸಲು ಹೋದಳು. ತಾಕಿನ ಮೂಲೆಯಲ್ಲಿ, ಕಾಂಪೌಂಡಿನ ಬದಿಗೆ, ನಾಲ್ಕು ಕಂಬದ ಮೇಲೆ ನಿಂತ ಹಳೆಯ ಟ್ಯಾಂಕು ಅದು. ಅಪ್ಪ ಕಟ್ಟಿಸಿದ್ದು. ಇಟ್ಟಿಗೆ ಹೊತ್ತವನು ಆಗಿನ್ನೂ ಮೀಸೆ ಚಿಗುರದ ನನ್ನ ಅಣ್ಣ. ಗಾಡಿ ಒಳಗೆ ಬರಲು ಅಡ್ಡವಾಗುತ್ತದೆ, ಮೊದಲು ಅದನ್ನೇ ಕೆಡವಬೇಕು ಎಂದು ಈಗ ಹೇಳುತ್ತಿದ್ದವನೂ ಅವನೇ.

"ರೀ! ಬನ್ನಿ ಇಲ್ಲಿ!"

ಹಾವೇನೋ ಎಂದು ಕೋಲು ಹಿಡಿದು ಓಡಿದೆ. ಅವಳು ಕುಕ್ಕರುಗಾಲಿನಲ್ಲಿ ಕೂತು ಒಂದು ಗಿಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಮೊಗ್ಗು. ಪಕ್ಕದ ಗಿಡದಲ್ಲೂ ಮೊಗ್ಗು. ಅದರಾಚೆಗೂ. ಹುರುಳಿಕಾಳು ದಾಟಿ ಕಡಲೆಕಾಳಿನಷ್ಟಾಗಿದ್ದವು. ಮೊಗ್ಗಿನ ಗಿಡಗಳು ಸಾಲು ಹಿಡಿದು ಹೋಗಿರಲಿಲ್ಲ. ಸಾಲುಗಳನ್ನು ಓರೆಯಾಗಿ ಕತ್ತರಿಸಿಕೊಂಡು, ಮುಂದೆ ಹೋದಂತೆ ಅಗಲವಾಗುತ್ತಾ ಹೋಗಿದ್ದವು. ಟ್ಯಾಂಕಿನಿಂದ ನೀರು ಸೋರಿ ಹೀಗಾಗಿರಬೇಕು ಎಂದೆ. ನೀರು ಆ ಕಡೆ ಹರಿಯುವುದೇ ಇಲ್ಲ ಎಂದಳು. ಇಬ್ಬರೂ ಅಲ್ಲೇ ಕೂತೆವು. ವಾಯುಪಡೆಯ ವಿಮಾನವೊಂದು ಮನೆಗೆ ಹೋಗುವ ಹೋರಿಯ ಹಾಗೆ ಗುಟುರು ಹಾಕುತ್ತಾ ತಲೆಯ ಮೇಲೆ ದಾಟಿತು. ಕಾಗೆಗಳು ತೆಂಗಿನ ಗರಿಗಳಲ್ಲಿ ಜಾಗಕ್ಕಾಗಿ ಜಗಳವಾಡಿ ಸುಮ್ಮನಾದವು. ಕತ್ತಲಾಯಿತು.

ನಾಲ್ಕನೇ ಮಹಡಿಯ ದೀಪ ಹತ್ತಿಕೊಂಡಿತು.

ಟ್ಯಾಂಕಿನ ನೆರಳು ನೆಲದ ಮೇಲೆ ಮಲಗಿತು. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ, ಮೊಗ್ಗಿನ ಗಿಡಗಳ ಮೇಲೆ, ಅವುಗಳ ಮೇಲೆ ಮಾತ್ರ. ನಾಲ್ಕು ಕಂಬ, ಮೇಲೆ ದುಂಡನೆಯ ಹೊಟ್ಟೆ, ಪಕ್ಕದಲ್ಲಿ ಕಬ್ಬಿಣದ ಏಣಿ. ಕಂಬ ಕಂಬಗಳ ನಡುವೆ ಬೆಳಕು ತೂರಿದ ಕಡೆ ಒಂದು ಮೊಗ್ಗೂ ಇರಲಿಲ್ಲ. ಗಿಡಗಳು ನೆರಳನ್ನು ನೋಡಿಕೊಂಡು ಚಿತ್ರ ಬರೆದಿದ್ದವು. ನಾವಿಬ್ಬರೂ ಆ ಚಿತ್ರದೊಳಗೇ ಕೂತಿದ್ದೆವು. ಎದ್ದರೆ ಅಳಿಸಿಹೋಗುತ್ತದೇನೋ ಎನ್ನಿಸುತ್ತಿತ್ತು.

ಹೆಂಡತಿ ಮೆಲ್ಲಗೆ, "ಆ ಲೈಟಿಗೆ ಸೊಪ್ಪು ಕೊಟ್ಟು ಬಂದ್ರಲ್ವಾ ನೀವು," ಎಂದಳು.

ಆಮೇಲೆ ಮಾಡಬೇಕಾದ ಕೆಲಸ ಒಂದೇ ಇತ್ತು, ಹೋಗಿ ಕೇಳುವುದು. ನನಗೆ ಕೇಳುವ ಕೆಲಸವೊಂದು ಬಿಟ್ಟು ಉಳಿದೆಲ್ಲ ಸುಲಭ. ಹೋಗಿ ಕೇಳಿದರೆ ಜಗಳವಾಗಬಹುದು, ಜಗಳವಾದರೆ ಪೊಲೀಸಿನವರು ಬರಬಹುದು, ಬಂದವರು ಪಂಪ್‌ಸೆಟ್ಟಿನ ಕಾಗದ ಕೇಳಬಹುದು ಎಂದೆಲ್ಲ ಯೋಚಿಸಿ, ಕಾಂಪೌಂಡಿನ ಉದ್ದಕ್ಕೂ ಸರ್ವೆ ಗಳ ನೆಟ್ಟು ಮಡಿಗೆ ಹೊದಿಸುವ ಕಪ್ಪು ಮಲ್ಚಿಂಗ್ ಶೀಟ್ ಕಟ್ಟಿದೆ. ದೀಪ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ನನ್ನ ಪರದೆಯ ನೆರಳು ಮೊದಲ ಕೆಲವು ಸಾಲಿಗೆ ಮುಗಿದುಹೋಯಿತು. ಪರದೆ ಎತ್ತರಿಸಿದೆ. ಆ ದಿನಗಳ ಗಾಳಿ ಎಂಥದ್ದೆಂದು ನಮ್ಮ ಕಡೆಯವರಿಗೆ ಗೊತ್ತು. ಎಲೆ ಉದುರಿಸಲೆಂದೇ ಬರುವ ಗಾಳಿ ಅದು. ಒಂದು ಮುಂಜಾನೆ ಎದ್ದು ನೋಡಿದರೆ ಶೀಟು ಹರಿದು, ಅರ್ಧ ನಮ್ಮ ತೆಂಗಿನ ಮರದಲ್ಲಿ ನೇತಾಡುತ್ತಿತ್ತು, ಇನ್ನರ್ಧ ಅಪಾರ್ಟ್‌ಮೆಂಟಿನಲ್ಲಿ ಯಾರದೋ ಬಿಳಿ ಕಾರನ್ನು ಅಚ್ಚುಕಟ್ಟಾಗಿ ಹೊದ್ದುಕೊಂಡಿತ್ತು.

ವಾಚ್‌ಮನ್ ಬಂದ. "ಅಣ್ಣ, ನಿಮ್ದೇನಾ ಅದು? ಸೆಕ್ರೆಟರಿ ಮೇಡಂ ಕರೀತಾವ್ರೆ."

ಹೀಗೆ, ಹೋಗಿ ಕೇಳುವ ಧೈರ್ಯವಿಲ್ಲದವನನ್ನು ಅವರೇ ಕರೆಸಿಕೊಂಡರು.

ಸೆಕ್ರೆಟರಿ ಮೇಡಂ ನಿವೃತ್ತ ಟೀಚರ್. ನಾಲ್ಕನೇ ಮಹಡಿಯಲ್ಲಿ, ಆ ದೀಪದ ಪಕ್ಕದ ಮನೆ. ಫೋನಿನಲ್ಲಿ ಮಗಳ ಜೊತೆ ದಖನಿ ಉರ್ದುವಿನಲ್ಲಿ ಜೋರಾಗಿ ನಗುತ್ತಿದ್ದವರು ನನ್ನನ್ನು ಕಂಡು ಮುಖ ಗಂಭೀರ ಮಾಡಿಕೊಂಡರು. ನಾನು ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತೆಲ್ಲ ಲಿಫ್ಟಿನಲ್ಲೇ ಉಳಿಯಿತು. ಕಾರಿಗೆ ಏನೂ ಆಗಿಲ್ಲವಷ್ಟೇ ಎಂದು ಕೇಳಿ, ಶೀಟಿಗೆ ಕ್ಷಮೆ ಕೇಳಿ, ಸೇವಂತಿಗೆಯ ವಿಷಯವನ್ನು ಹಿಂದುಮುಂದಾಗಿ ಹೇಳಿದೆ.

"ಗಿಡಕ್ಕೆ ನಿದ್ದೆ ಬೇಕು ಅಂತೀರಾ?"

"ಹಂಗೇ ಅಂದ್ಕೊಳ್ಳಿ ಮೇಡಂ."

"ಅಲ್ಲ ತೋಟದವ್ರೇ, ಆ ಲೈಟ್ ಹಾಕ್ಸಿದ್ದೇ ನಿಮ್ಮಿಂದ! ನಿಮ್ ತೋಟದಿಂದ ಹಾವು ಬಂತಲ್ಲ, ಕಾರ್ ಇಳಿಯೋ ಜಾಗಕ್ಕೆ?"

"ಅದು ಕೇರೆ ಹಾವು ಮೇಡಂ. ಇಲಿ ಹಿಡಿಯೋದು. ಏನೂ ಮಾಡಲ್ಲ."

"ಹಾವಿಗೆ ಗೊತ್ತು ಏನೂ ಮಾಡಲ್ಲ ಅಂತ. ನಮ್ಗೆ ಗೊತ್ತಿರ್ಬೇಕಲ್ಲ? ಆರ್ಸೋಕೆ ಯಾರೂ ಒಪ್ಪಲ್ಲ. ತಿಂಗಳ ಕೊನೇಲಿ ಮೀಟಿಂಗ್ ಇದೆ, ಹೇಳಿ ನೋಡ್ತೀನಿ."

ತಿಂಗಳ ಕೊನೆಯ ತನಕ ಗಿಡ ಕಾಯುವುದಿಲ್ಲ ಎಂದು ಹೇಳಬೇಕಿತ್ತು. "ಆಯ್ತು ಮೇಡಂ, ಥ್ಯಾಂಕ್ಸ್," ಎಂದು ಬಂದೆ.

ಮನೆಯಲ್ಲಿ ಲೆಕ್ಕ ಹಾಕಿದೆವು. ಆ ದಿನವೇ ದೀಪ ಆರಿದರೂ ಯುಗಾದಿಯ ಹೊತ್ತಿಗೆ ಮೊಗ್ಗು ಬರಬಹುದಷ್ಟೇ, ಹೂವಲ್ಲ. ಹಬ್ಬ ಆಗಲೇ ಕೈಬಿಟ್ಟುಹೋಗಿತ್ತು. ಟಾನಿಕ್ ಅಂಗಡಿಯವನು ಇನ್ನೂ ಗಟ್ಟಿಯಾದದ್ದೊಂದು ಇದೆ ಎಂದು ಫೋನ್ ಮಾಡಿದ್ದ. ನನ್ನ ಮನಸ್ಸು ಅತ್ತ ಜಾರುತ್ತಿತ್ತು. ಹೆಂಡತಿ ಬಾಟಲಿ ತರುವುದು ಬೇಡ ಎಂದಳು. ಹಬ್ಬದ ಆಸೆ ಬಿಟ್ಟು, ಗಿಡಕ್ಕೆ ಅದು ಕೇಳಿದ್ದನ್ನಷ್ಟೇ ಕೊಡುವುದು ಎಂದು ಅಲ್ಲಿಗೆ ತೀರ್ಮಾನವಾಯಿತು. ಅದು ಕೇಳಿದ್ದು ಕತ್ತಲೆ. ಇಷ್ಟು ವರ್ಷ ನೀರಿಗೆ, ಗೊಬ್ಬರಕ್ಕೆ, ಕರೆಂಟಿಗೆ ಅಲೆದಿದ್ದೇನೆ. ಕತ್ತಲೆಗಾಗಿ ಅಲೆಯುವ ಕಾಲವೂ ಬಂತಲ್ಲ ಎನ್ನಿಸಿತು.

"ನೀವು ಬಾಯಲ್ಲಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ," ಎಂದಳು ಹೆಂಡತಿ. "ನಂಗೇ ಆಗಲ್ಲ. ಅವ್ರನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ. ಸಂಜೆ."

ಮೇಡಂ ಬಂದರು. ಹಾವಿನ ಭಯಕ್ಕೆ ವಾಕಿಂಗ್ ಬೂಟು ಹಾಕಿಕೊಂಡು, ಸಲ್ವಾರನ್ನು ಸಾಕ್ಸಿನೊಳಗೆ ತುರುಕಿಕೊಂಡು, ಬದುವಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಹೆಂಡತಿ ಅವರ ಕೈ ಹಿಡಿದುಕೊಂಡು ಹೋಗಿ ಸಾಲುಗಳ ನಡುವೆ ನಿಲ್ಲಿಸಿದಳು. ಒಂದು ಪಕ್ಕದಲ್ಲಿ ಮೊಗ್ಗಿನ ಗಿಡ, ಇನ್ನೊಂದು ಪಕ್ಕದಲ್ಲಿ ಬರೀ ಎಲೆ.

"ಒಂದೇ ದಿನ ನೆಟ್ಟಿದ್ದು ಮೇಡಂ. ಮುಟ್ಟಿ ನೋಡಿ."

ಮುಟ್ಟಿ ನೋಡುತ್ತಿದ್ದಾಗಲೇ ದೀಪ ಹತ್ತಿಕೊಂಡಿತು. ಅವರ ಮೈಯ ಅರ್ಧಕ್ಕೆ ಬೆಳಕು ಬಿತ್ತು, ಇನ್ನರ್ಧ ಟ್ಯಾಂಕಿನ ನೆರಳಿನಲ್ಲಿ ಉಳಿಯಿತು. ಅವರು ನೆಲ ನೋಡಿದರು. ಟ್ಯಾಂಕು ನೋಡಿದರು. ಹಣೆಗೆ ಕೈ ಅಡ್ಡ ಹಿಡಿದು ತಮ್ಮದೇ ಕಟ್ಟಡದತ್ತ ತಿರುಗಿ ದೀಪ ನೋಡಿದರು.

"ಅರೆ," ಎಂದರು ಕೊನೆಗೆ. "ಸಂಕ್ರಾಂತಿಯಿಂದ ನಂಗೂ ನಿದ್ದೆ ಇಲ್ಲ. ಕರ್ಟನ್ ಹಾಕಿದ್ರೂ ರೂಮ್ ತುಂಬಾ ಬೆಳ್ಕು. ವಯಸ್ಸಾಯ್ತು ಅದಕ್ಕೇ ಅಂತ ಡಾಕ್ಟ್ರ ಹತ್ರ ಮಾತ್ರೆ ತಗೊಂಡು ಬಂದೆ ನಾನು!"

ನನ್ನ ಹೆಂಡತಿ ನಕ್ಕಳು. "ಇವ್ರೂ ಇದೇ ಗಿಡಕ್ಕೆ ಟಾನಿಕ್ ಹೊಡೆದ್ರು ಮೇಡಂ. ಸುಟ್ಟೋಯ್ತು."

ಇಬ್ಬರೂ ನನ್ನತ್ತ ನೋಡಿ ನಗತೊಡಗಿದರು. ಅಷ್ಟು ಹಾಯಾದ ನಗುವನ್ನು ಆ ವರ್ಷ ನಾನು ಕೇಳಿರಲಿಲ್ಲ.

ಮೀಟಿಂಗಿಗೆ ಯಾರೂ ಕಾಯಲಿಲ್ಲ. ದೀಪ ಆರಿಸುವುದು ಬೇಡ, ಅವರ ದಾರಿಗೆ ಬೀಳಲಿ, ನಮ್ಮ ಕಡೆಗೂ ಮೇಡಂ ಕಿಟಕಿಗೂ ಮಾತ್ರ ಮರೆಯಾಗಲಿ ಎಂದಾಯಿತು. ಮನೆಯಲ್ಲಿದ್ದ ದೊಡ್ಡ ಎಣ್ಣೆ ಡಬ್ಬವನ್ನು ತಗಡಿನ ಕತ್ತರಿಯಲ್ಲಿ ಉದ್ದಕ್ಕೆ ಸೀಳಿ, ಅಂಚು ಮಡಚಿ, ಒಳಗೆ ಕಪ್ಪು ಬಣ್ಣ ಬಳಿದೆ. ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಮೇಡಂ ಮನೆಯ ಬಾಲ್ಕನಿಯಿಂದ ಬಗ್ಗಿ ಅದನ್ನು ದೀಪಕ್ಕೆ ಟೊಪ್ಪಿಗೆಯ ಹಾಗೆ ಕಟ್ಟುತ್ತಿದ್ದ. ನಾನು ಕೆಳಗೆ ಸಾಲುಗಳ ನಡುವೆ ನಿಂತು ಕೂಗುತ್ತಿದ್ದೆ.

"ಇನ್ನೂ ಸ್ವಲ್ಪ ಬಗ್ಸು ಗುರು! ಇನ್ನೂ ನಮ್ ಮೇಲೆ ಬೀಳ್ತಾ ಇದೆ!"

"ಎಷ್ಟ್ ಬಗ್ಸ್ಲಿ ಸಾರ್, ನಾನೇ ಬೀಳ್ತೀನಿ!"

ಕೊನೆಗೊಮ್ಮೆ ಡಬ್ಬ ಸರಿಯಾಗಿ ಕೂತಿತು. ಬೆಳಕು ಕಾಂಪೌಂಡ್ ಗೋಡೆಯ ಮೇಲೇರಿ ಆಚೆಗೇ ಉಳಿಯಿತು. ನಮ್ಮ ತಾಕು ನೀರಿನಲ್ಲಿ ಮುಳುಗಿದ ಹಾಗೆ ನಿಧಾನವಾಗಿ ಕತ್ತಲೆಯಲ್ಲಿ ಮುಳುಗಿತು. ಮೊದಲು ಗಿಡಗಳು ಹೋದವು, ಆಮೇಲೆ ಟ್ಯಾಂಕು, ಆಮೇಲೆ ನನ್ನ ಕೈಗಳು. ಮಣ್ಣಿನ ತಣ್ಣನೆಯ ವಾಸನೆ ಎದ್ದಿತು. ಎಲ್ಲೋ ಜೀರುಂಡೆಯೊಂದು ಶುರುಮಾಡಿತು. ಇಷ್ಟು ದಿನ ಅದು ಎಲ್ಲಿತ್ತೋ.

ಅಣ್ಣನಿಗೆ ವಿಷಯ ಹೇಳುವುದು ಉಳಿದಿತ್ತು. ಹಬ್ಬದ ದಿನ ಬಂದು ಅವನೇ ನೋಡುವುದಕ್ಕಿಂತ ಮೊದಲೇ ಹೇಳಿಬಿಡೋಣ ಎಂದು ನಾವಿಬ್ಬರೂ ಅವನ ಒಲೆಮನೆಯ ಬಾಗಿಲಿಗೆ ಹೋದೆವು. ಒಂದೇ ಮನೆಯ ಆ ಕಡೆಯ ಭಾಗ ಅವನದು. ಯುಗಾದಿಗೆ ಟ್ಯಾಂಕಿನ ನೆರಳಿನಷ್ಟು ಹೂವು ಮಾತ್ರ ಬರುತ್ತದೆ, ಉಳಿದದ್ದು ಆಮೇಲೆ ಎಂದೆ.

"ನೆಳ್ಳಷ್ಟು ಊವು ಅಂದ್ರೆ ಏನ್ಲಾ? ತೂಕದಾಗೆ ಏಳು."

"ತೂಕದಲ್ಲಿ ಆಗಲ್ಲ ಬಾವ," ಎಂದಳು ಹೆಂಡತಿ. "ಬಂದು ನೋಡ್ಬೇಕು."

ಅಷ್ಟರಲ್ಲಿ ಅವನಿಗೆ ಟ್ಯಾಕ್ಸಿಯವರ ಫೋನ್ ಬಂತು. ಎದ್ದು ಆಚೆ ಹೋಗಿ ಮಾತಾಡಿದ. ಏನು ಮಾತಾಡಿದನೋ ಎಂದು ಯುಗಾದಿಯವರೆಗೂ ನಾನು ಬಗೆಬಗೆಯಾಗಿ ಊಹಿಸಿದೆ. ಒಂದು ಊಹೆಯಲ್ಲೂ ನಮಗೆ ಒಳ್ಳೆಯದಾಗಲಿಲ್ಲ.

ಯುಗಾದಿಯ ಬೆಳಗ್ಗೆ ಎಣ್ಣೆಸ್ನಾನ ಮಾಡಿ, ಹೊಸ ಪಂಚೆ ಉಟ್ಟು ಅಣ್ಣ ತಾಕಿಗೆ ಬಂದ. ಕಡು ಹಸಿರಿನ ನಡುವೆ ಹಳದಿ ನೆರಳೊಂದು ಮಲಗಿತ್ತು. ನೆರಳು ಹಳದಿಯಾಗಿರುವುದನ್ನು ನಾನೂ ಅದೇ ಮೊದಲು ನೋಡಿದ್ದು. ಅಣ್ಣ ಅದರ ಅಂಚಿನಲ್ಲೇ ನಡೆದ. ಒಂದು ಕಡೆ ನಿಂತ.

"ಇದು ಕಂಬ," ಎಂದ. ನಾಲ್ಕು ಹೆಜ್ಜೆ ಮುಂದೆ ಹೋಗಿ, "ಇದು ಏಣಿ ಕಣೋ," ಎಂದ. ಆಮೇಲೆ ಪೂರ್ತಿ ಸುತ್ತು ಬಂದು ಅಪ್ಪನ ಟ್ಯಾಂಕಿನತ್ತ ತಲೆಯೆತ್ತಿ ನೋಡಿದ. "ಇದುಕ್ಕೆ ಇಟ್ಟಿಗೆ ಒತ್ತು ಒತ್ತು ನನ್ ಎಗಲು ತರಚೋಗಿತ್ತು."

ಹೆಂಡತಿ ಉಳಿದ ಗಿಡಗಳನ್ನು ತೋರಿಸಿದಳು. ಒಂದೊಂದರ ತುದಿಯಲ್ಲೂ ಹುರುಳಿಕಾಳಿನಷ್ಟು ಮೊಗ್ಗು ಬಂದಿತ್ತು. ಅವನು ಬಗ್ಗಿ ನೋಡಿದ. ಪಾರ್ಕಿಂಗ್ ಮಾತು ಎತ್ತಲಿಲ್ಲ, ತೋಟದ ಮಾತೂ ಎತ್ತಲಿಲ್ಲ. ಕಿತ್ತ ಹೂವಿನಲ್ಲಿ ಒಂದು ಬೊಗಸೆ ತೆಗೆದುಕೊಂಡು ಟ್ಯಾಂಕಿನ ಕಂಬದ ಬುಡಕ್ಕೆ ಹಾಕಿ ಮನೆಗೆ ಹೋದ. ಉಳಿದ ಹೂವಿನಲ್ಲಿ ಒಂದು ಮೊಳ ಕಟ್ಟಿ ಹೆಂಡತಿ ನಾಲ್ಕನೇ ಮಹಡಿಗೆ ಕಳಿಸಿದಳು. ಮಾತ್ರೆ ಬಿಟ್ಟಿದ್ದೇನೆ ಎಂದು ಅಲ್ಲಿಂದ ಹೇಳಿಕಳಿಸಿದರು.

ಹಬ್ಬ ಕಳೆದ ಮೇಲಿನ ಎರಡನೇ ಹುಣ್ಣಿಮೆಯ ಸಂಜೆ ಅಣ್ಣ ಮತ್ತೆ ಬಂದ. ತಾಕಿನ ತುಂಬಾ ಮೊಗ್ಗು ಬಿರಿಯುತ್ತಿತ್ತು. ಎಲ್ಲ ಕಡೆ ಹಳದಿಯ ಸಣ್ಣ ಬಾಯಿಗಳು. ಟ್ಯಾಂಕಿನ ಚಿತ್ರ ಉಳಿದದ್ದರಲ್ಲಿ ಕಲೆತು ಕಾಣದಾಗಿತ್ತು. ಅವನು ಬದುವಿನ ಮೇಲೆ ಕೂತು ಚಪ್ಪಲಿ ಬಿಟ್ಟು, ಕಾಲನ್ನು ತೇವದ ಮಣ್ಣಿನಲ್ಲಿಟ್ಟುಕೊಂಡ.

"ಮುಂದಿನ ಸಲ ಬಲ್ಬು ಯಾವಾಗ ಕಟ್ತೀಯಾ?" ಎಂದ.

"ಕಾರ್ತೀಕ ಕಳೀಲಿ ಬಾವ," ಎಂದಳು ಹೆಂಡತಿ.

"ಮೊದ್ಲೇ ನಂಗೆ ಏಳು. ಟೆಂಪೋದಾಗೆ ಗಳ ತಂದಾಕ್ತೀನಿ."

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಹಿಂದಿನಿಂದ ಚಂದ್ರ ಎದ್ದ. ಇಷ್ಟು ದೊಡ್ಡ ಚಂದ್ರನನ್ನು ನಾನು ನೋಡಿರಲಿಲ್ಲ. ನಾಲ್ಕನೇ ಮಹಡಿಯ ದೀಪಕ್ಕಿಂತ ಸ್ವಲ್ಪ ಮೇಲೆ ಬಂದು ಅಲ್ಲೇ ನಿಂತ ಹಾಗೆ ಕಾಣುತ್ತಿದ್ದ. ಬೆಳಕು ಕಾಂಪೌಂಡ್ ದಾಟಿ, ಟ್ಯಾಂಕು ದಾಟಿ, ಸಾಲು ಸಾಲಾಗಿ ಗಿಡಗಳ ಮೇಲೆ ಹರಡತೊಡಗಿತು. ಹೂವೆಲ್ಲ ಬೆಳ್ಳಗಾದವು. ಅಣ್ಣ ಹಾಯಾಗಿ ಉಸಿರು ಬಿಟ್ಟ. ನಾನು ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಅತ್ತಲೇ ನೋಡಿದೆ.

"ಏನ್ರೀ," ಎಂದಳು ಹೆಂಡತಿ, ಹೂವಿನ ನಡುವಿನಿಂದಲೇ. "ಅದಕ್ಕೂ ಒಂದು ಡಬ್ಬ ಕಟ್ಬೇಕಾ?"